ಧ್ವನಿಯಂತ್ರಕ್ಕೊಂದು ಒರೆಗಲ್ಲು

ಮನೆಗೆ ಧ್ವನಿಯಂತ್ರವನ್ನು ಕೊಳ್ಳಹೊರಟವರು ಅಂಗಡಿಯವನು ಆರಿಸಿ ಕೇಳಿಸುವ ಸಂಗೀತಕ್ಕೆ ಮರುಳಾಗಬಾರದು. ನಾವು ಒಮ್ಮೆ ಹಾಗೆ ಮರುಳಾದೆವು. ಅಂಗಡಿಯಲ್ಲಿ ಸೊಗಸಾಗಿ ಗುಡುಗಿದ ಪೆಟ್ಟಿಗೆಯು ವಿಜಯನಗರದ ನಮ್ಮ ಕೋಣೆಗೆ ಬಂದ ಮೇಲೆ ಮೃದಂಗದ ಎಡಮುಖವನ್ನು ಖಾಲಿ ಪೀಪಾಯಿಯಂತೆ ಕೇಳಿಸಿತು.

ದೋಷ ಪೆಟ್ಟಿಗೆಯೊಂದರದೇ ಅಲ್ಲ. ಹತ್ತು ಅಡಿ ಅಂತರದಲ್ಲಿ ಎದುರುಬದುರಾಗಿ ನಿಂತ ಗೋಡೆಗಳು ಸೆಕೆಂಡಿಗೆ ಸುಮಾರು 56 ಕಂಪನಗಳ ನಾದವನ್ನೂ ಅದರ ಇಮ್ಮಡಿಯನ್ನೂ ತಾವೇ ಹಿಗ್ಗಿಸಿ ಎಳೆಯುತ್ತವೆ. ಆದಕಾರಣ ಪರೀಕ್ಷೆಯನ್ನು ಮನೆಯಲ್ಲಿಯೇ ನಡೆಸತಕ್ಕದ್ದು.

ಯಾವ ಸಂಗೀತದಿಂದ? ಯಂತ್ರದ ನೆರವಿಲ್ಲದೆ ಎದುರಿಗೆ ಕುಳಿತು ಕೇಳಿದ ವಾದ್ಯವೇ ಮೇಲು. ದೊರೆಸ್ವಾಮಿ ಅಯ್ಯಂಗಾರರ ವೀಣೆಯಲ್ಲಿ ಮೀಟಿನ ಮೊನೆಯೂ, ಗಮಕದ ಸೆಳೆತದಲ್ಲಿ ಉಳಿದು ಕ್ಷೀಣಿಸುವ ನಾದವೂ ಬೇರೆಬೇರೆಯಾಗಿ ಕೇಳಿಸಬೇಕು. ಮೀಟು ಮಾತ್ರ ಉಳಿದು ನಾದ ನುಂಗಿಹೋದರೆ ಆ ಯಂತ್ರ ನಮಗೆ ಬೇಡ. ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠವು ತೆಳುವಾದರೆ ಮಂದ್ರ ಮಧ್ಯಗಳ ನಡುವೆ ಕೊರತೆಯುಂಟೆಂದು ತಿಳಿಯತಕ್ಕದ್ದು. ತಂಬೂರಿಯ ಜೀವಾಳದಿಂದ ಹುಟ್ಟುವ ಝೇಂಕಾರವು ಮೇಲಣ ನಾದಗಳಿಗೆ ಸಾಕ್ಷಿ. ಚೌಡಯ್ಯನವರ ಏಳು ತಂತಿಯ ಪಿಟೀಲಿನ ಹಳೆಯ ತಟ್ಟೆಗಳು ಎಷ್ಟು ಪ್ರಿಯವಾದರೂ ಈ ಕೆಲಸಕ್ಕೆ ಒದಗವು. ನಿಮಿಷಕ್ಕೆ 78 ಸುತ್ತಿನ ತಟ್ಟೆಗಳಲ್ಲಿ ಆ ಮೇಲಣ ನಾದಗಳು ಬಹುಮಟ್ಟಿಗೆ ಅಚ್ಚಾಗಿಯೇ ಇಲ್ಲ.

ಎರಡು ಯಂತ್ರಗಳನ್ನು ಹೋಲಿಸುವಾಗ ಧ್ವನಿಯ ಪ್ರಮಾಣವನ್ನು ಸಮಮಾಡಿಕೊಳ್ಳಬೇಕು. ತುಸು ಜೋರಾದದ್ದೇ ಕಿವಿಗೆ ಉತ್ತಮವೆನಿಸುವುದು. ವರ್ತಕರು ಇದನ್ನು ಬಲ್ಲರು.

ನಮ್ಮ ಪೆಟ್ಟಿಗೆ ಈಗ ಗೋಡೆಯಿಂದ ಎರಡು ಅಡಿ ಮುಂದೆ ಸರಿದಿದೆ. ಮೃದಂಗವು ಮೃದಂಗವಾಗಿಯೇ ಕೇಳುತ್ತಿದೆ. ಕೆಂಗೇರಿಯ ಕಡೆಯ ವಾಹನಗಳ ಸದ್ದಡಗಿದ ರಾತ್ರಿಗಳಲ್ಲಿ ತಂಬೂರಿಯೂ.