ಪೋರ್ಟ್ರೇಟ್‌ಗೆ ಬೀಗ: ಒಂದು ಹಠಮಾರಿ ನಂಬಿಕೆ

ಆಂಡ್ರಾಯ್ಡ್ ಆ್ಯಪ್‌ನ ಮ್ಯಾನಿಫೆಸ್ಟ್ ಫೈಲಿನಲ್ಲಿ ಆಕ್ಟಿವಿಟಿಯೊಂದಕ್ಕೆ, ಅಂದರೆ ಆ್ಯಪ್‌ನ ಒಂದು ಪರದೆಗೆ, ‘ಸ್ಕ್ರೀನ್‌ಓರಿಯೆಂಟೇಶನ್’ ಎಂಬ ಗುಣ ಸೇರಿಸಿ, ಅದರ ಮುಂದೆ ‘ಪೋರ್ಟ್ರೇಟ್’ ಎಂದು ಬರೆದರೆ ಫೋನನ್ನು ಎತ್ತ ತಿರುಗಿಸಿದರೂ ಆ ಪರದೆ ಉದ್ದಕ್ಕೇ ನಿಲ್ಲುತ್ತದೆ. ‘ಲ್ಯಾಂಡ್‌ಸ್ಕೇಪ್’ ಎಂದು ಬರೆದರೆ ಅಡ್ಡಕ್ಕೆ. ಒಂದು ಸಾಲಿನ ಕೆಲಸ. ಸಾಲು ಚಿಕ್ಕದು, ಅದಕ್ಕೆ ಅಂಟಿಕೊಂಡ ನಂಬಿಕೆ ಮಾತ್ರ ದೊಡ್ಡದು: ಫೋನ್ ತಿರುಗಿಸಿದಾಗ ಆ್ಯಪ್‌ನಲ್ಲಿದ್ದದ್ದು ಅಳಿಸಿಹೋಗುತ್ತಿದ್ದರೆ ಪೋರ್ಟ್ರೇಟ್‌ಗೆ ಬೀಗ ಹಾಕಿಬಿಡಿ, ದೋಷ ಹೋಗುತ್ತದೆ.

ಹೋಗುವುದಿಲ್ಲ. ಫೋನ್ ತಿರುಗಿದಾಗ ಆಂಡ್ರಾಯ್ಡ್ ಚಾಲ್ತಿಯಲ್ಲಿರುವ ಆಕ್ಟಿವಿಟಿಯನ್ನು ನಾಶಮಾಡಿ ಹೊಸದಾಗಿ ಕಟ್ಟುತ್ತದೆ. ಅಡ್ಡ ಪರದೆಗೆ ಬೇರೆ ವಿನ್ಯಾಸ, ಬೇರೆ ಅಳತೆ ಬೇಕಾಗಬಹುದೆಂಬ ಲೆಕ್ಕಾಚಾರ ಅದರದು. ಐಡಿ ಇರುವ ಪಠ್ಯಪೆಟ್ಟಿಗೆಯಲ್ಲಿ ಬಳಕೆದಾರ ಟೈಪ್ ಮಾಡಿದ್ದು ಆಗಲೂ ತಾನಾಗಿ ಉಳಿಯುತ್ತದೆ. ಉಳಿಯದೆ ಹೋಗುವುದು ಆಕ್ಟಿವಿಟಿಯ ಚರಾಕ್ಷರಗಳಲ್ಲಿ ಇಟ್ಟ ಮಾಹಿತಿ. ಹಾಗಾಗಿಯೇ ಮೂರನೇ ಹಂತ ತಲುಪಿದ್ದ ಅರ್ಜಿ ಮೊದಲ ಹಂತಕ್ಕೆ ಜಾರುತ್ತದೆ, ಕ್ವಿಜ್‌ನ ಅಂಕ ಸೊನ್ನೆಯಾಗುತ್ತದೆ, ಆರಿಸಿಟ್ಟ ಫೋಟೋ ಕಾಣೆಯಾಗುತ್ತದೆ. ಇದಕ್ಕೆ ಕಾರಣ ತಿರುಗುವಿಕೆಯಲ್ಲ, ಉಳಿಸಬೇಕಾದ್ದನ್ನು ಉಳಿಸದ ಕೋಡ್. ಬೀಗ ಬೀಳುವುದು ತಿರುಗುವಿಕೆಗೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದರೆ ಇದೇ.

ಆಕ್ಟಿವಿಟಿ ಮರುಹುಟ್ಟು ಪಡೆಯಲು ತಿರುಗುವುದೊಂದೇ ನೆಪವಲ್ಲ. ಅಕ್ಷರದ ಗಾತ್ರ ಹಿಗ್ಗಿಸಿದರೂ, ಡಾರ್ಕ್ ಥೀಮ್‌ಗೆ ಹೊರಳಿದರೂ, ಬ್ಲೂಟೂತ್ ಕೀಬೋರ್ಡ್ ಜೋಡಿಸಿದರೂ ಆಗುವುದು ಅದೇ. ಭಾಷೆಯದು ಇನ್ನೂ ಹತ್ತಿರದ ಉದಾಹರಣೆ. ಇಂಗ್ಲಿಷಿನಲ್ಲಿ ತೆರೆದುಕೊಂಡ ಅರ್ಜಿ ಅರ್ಥವಾಗದೆ, ಬಳಕೆದಾರ ಮಧ್ಯದಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಬಂದನೆನ್ನಿ. ಆಂಡ್ರಾಯ್ಡ್ 13ರಿಂದ ಒಂದೊಂದು ಆ್ಯಪ್‌ಗೂ ಪ್ರತ್ಯೇಕ ಭಾಷೆ ಆರಿಸುವ ಸೌಲಭ್ಯವೂ ಇದೆ. ಹಿಂತಿರುಗಿದಾಗ ಅರ್ಜಿ ಕನ್ನಡದಲ್ಲಿರುತ್ತದೆ, ಮೊದಲ ಹಂತಕ್ಕೆ ಜಾರಿಯೂ ಇರುತ್ತದೆ. ಪೋರ್ಟ್ರೇಟ್‌ನ ಬೀಗ ಆಗಲೂ ಭದ್ರವಾಗಿಯೇ ಇರುತ್ತದೆ.

ಇದಕ್ಕಿಂತ ಕೆಟ್ಟ ಪೆಟ್ಟು ಬೀಳುವುದು ಕ್ಯಾಮೆರಾ ತೆರೆದಾಗ. ಫೋಟೋ ತೆಗೆಯಲೆಂದು ಆ್ಯಪ್ ಫೋನಿನ ಕ್ಯಾಮೆರಾ ಆ್ಯಪನ್ನು ಕರೆಯುತ್ತದೆ. ರ‍್ಯಾಮ್ ಕಡಿಮೆಯಿರುವ ಅಗ್ಗದ ಫೋನಿನಲ್ಲಿ ಕ್ಯಾಮೆರಾಕ್ಕೆ ಜಾಗ ಮಾಡಿಕೊಡಲು ವ್ಯವಸ್ಥೆ ಹಿನ್ನೆಲೆಗೆ ಸರಿದ ಆ್ಯಪ್‌ನ ಪ್ರಕ್ರಿಯೆಯನ್ನೇ ಕೊಂದುಹಾಕಬಹುದು. ಫೋಟೋ ತೆಗೆದು ಹಿಂತಿರುಗಿದರೆ ಆ್ಯಪ್ ಎದ್ದು ನಿಲ್ಲುತ್ತದೆ ನಿಜ, ಆದರೆ ಫೋಟೋ ಯಾವ ಫೈಲಿಗೆ ಹೋಗಬೇಕಿತ್ತು ಎಂಬ ವಿಳಾಸ ಚರಾಕ್ಷರದೊಂದಿಗೇ ಸತ್ತಿರುತ್ತದೆ. ಆ್ಯಪ್ ಕುಸಿಯುತ್ತದೆ. ಇಷ್ಟರಲ್ಲಿ ಫೋನನ್ನು ಯಾರೂ ಒಂದು ಡಿಗ್ರಿಯೂ ತಿರುಗಿಸಿಲ್ಲ. ಧಾರಾಳ ರ‍್ಯಾಮ್ ಇರುವ ಫೋನಿನಲ್ಲಿ ಪರೀಕ್ಷಿಸುವ ಡೆವಲಪರ್‌ಗೆ ಇದು ಕಾಣುವುದೇ ಇಲ್ಲ. ‘ನಮ್ಮಲ್ಲಿ ಸರಿಯಾಗಿಯೇ ಇದೆ’ ಎಂಬ ಉತ್ತರ ಹೊರಡುವುದು ಅಲ್ಲಿಂದಲೇ.

ಬೀಗದ ಅಸಲಿ ನಷ್ಟವೂ ಇಲ್ಲಿಯೇ ಇದೆ. ಉಳಿಸುವ ಕೋಡ್ ಇದೆಯೋ ಇಲ್ಲವೋ ತಿಳಿಯಲು ಫೋನನ್ನು ಒಮ್ಮೆ ಅಡ್ಡ ಮಾಡುವುದಕ್ಕಿಂತ ಸುಲಭದ ಪರೀಕ್ಷೆ ಇನ್ನೊಂದಿಲ್ಲ. ಬೀಗ ಹಾಕಿದವರು ಆ ಪರೀಕ್ಷೆಯನ್ನೇ ರದ್ದು ಮಾಡಿರುತ್ತಾರೆ.

ಇದೇ ನಂಬಿಕೆಯ ತಮ್ಮನೊಬ್ಬನಿದ್ದಾನೆ: ಮ್ಯಾನಿಫೆಸ್ಟ್‌ನ ‘ಕಾನ್ಫಿಗ್‌ಚೇಂಜಸ್’ ಗುಣ. ಅದರಲ್ಲಿ ‘ಓರಿಯೆಂಟೇಶನ್’ ಎಂದು ಬರೆದರೆ ಆಕ್ಟಿವಿಟಿ ನಾಶವಾಗುವುದಿಲ್ಲ, ಬದಲಾವಣೆಯ ಸುದ್ದಿ ಮಾತ್ರ ಅದಕ್ಕೆ ತಲುಪುತ್ತದೆ ಎಂಬುದು ವಾಡಿಕೆಯ ಸಲಹೆ. 2011ರಲ್ಲಿ ಬಂದ ಆಂಡ್ರಾಯ್ಡ್ 3.2ರಿಂದ ಈಚೆಗೆ, ತಿರುಗಿದಾಗ ಪರದೆಯ ಅಳತೆಯೂ ಬದಲಾಯಿತೆಂದೇ ಲೆಕ್ಕ. ‘ಸ್ಕ್ರೀನ್‌ಸೈಜ್’ ಎಂಬುದನ್ನೂ ಸೇರಿಸದೆ ಆ ಸಾಲು ಕೆಲಸಕ್ಕೆ ಬಾರದು. ಆದರೂ ಹಳೆಯ ಸಾಲು ಒಂದು ಪ್ರಾಜೆಕ್ಟ್‌ನಿಂದ ಇನ್ನೊಂದಕ್ಕೆ ಕಾಪಿಯಾಗುತ್ತಲೇ ಇದೆ. ಎರಡನ್ನೂ ಸರಿಯಾಗಿ ಬರೆದರೂ ಕ್ಯಾಮೆರಾದ ಕತೆ ಬದಲಾಗುವುದಿಲ್ಲ, ಕೊಲ್ಲಲ್ಪಟ್ಟ ಪ್ರಕ್ರಿಯೆ ಮ್ಯಾನಿಫೆಸ್ಟ್ ಓದಿ ಬದುಕುವುದಿಲ್ಲ.

ಮಾಡಬೇಕಾದದ್ದೇನು ಎಂಬುದರಲ್ಲಿ ಗುಟ್ಟೇನಿಲ್ಲ. ತಿರುಗುವಿಕೆ, ಭಾಷೆ, ಥೀಮ್ ಬದಲಾವಣೆಗಳನ್ನು ದಾಟಿ ಉಳಿಯಬೇಕಾದ್ದು ‘ವ್ಯೂಮಾಡೆಲ್’ನಲ್ಲಿರಬೇಕು, ಗೂಗಲ್ ಇದನ್ನು 2017ರಲ್ಲಿ ಪರಿಚಯಿಸಿತು. ಪ್ರಕ್ರಿಯೆ ಸತ್ತಾಗ ವ್ಯೂಮಾಡೆಲ್ ಕೂಡ ಸಾಯುತ್ತದೆ. ಅದು ಅಮರವೆಂಬುದು ಮತ್ತೊಂದು ತಪ್ಪು ಕಲ್ಪನೆ. ಆ ಸಾವನ್ನೂ ದಾಟಬೇಕಾದ ಪುಟ್ಟ ಮಾಹಿತಿ, ಅಂದರೆ ಹಂತದ ಸಂಖ್ಯೆ, ಫೋಟೋ ಫೈಲಿನ ವಿಳಾಸ ಇಂಥವು, ‘ಆನ್‌ಸೇವ್‌ಇನ್‌ಸ್ಟನ್ಸ್‌ಸ್ಟೇಟ್’ ಕೊಡುವ ಬಂಡಲ್‌ಗೆ ಸೇರಬೇಕು. ಫೋಟೋವನ್ನೇ ಅದರಲ್ಲಿ ತುರುಕುವಂತಿಲ್ಲ. ಬಂಡಲ್ ಸಾಗುವ ಬೈಂಡರ್ ದಾರಿಗೆ ಇಡೀ ಪ್ರಕ್ರಿಯೆಗೆ ಸೇರಿ ಸುಮಾರು 1 ಎಂಬಿ ಮಿತಿಯಿದೆ, ಮೀರಿದರೆ ಆ್ಯಪ್ ಕುಸಿಯುತ್ತದೆ. ದೊಡ್ಡದೆಲ್ಲ ಡಿಸ್ಕ್‌ಗೆ. ಪರೀಕ್ಷೆಗೆ ಡೆವಲಪರ್ ಆಯ್ಕೆಗಳಲ್ಲಿ, ಹಿಂದೆ ಸರಿದ ಆಕ್ಟಿವಿಟಿಯನ್ನು ಕೂಡಲೇ ನಾಶಮಾಡುವ ಸ್ವಿಚ್ ಒಂದಿದೆ. ಅದನ್ನು ಒತ್ತಿ ಹತ್ತು ನಿಮಿಷ ಆ್ಯಪ್ ಬಳಸಿದರೆ ಬಹಳಷ್ಟು ಭ್ರಮೆ ಹರಿಯುತ್ತದೆ.

ಬೀಗವೇ ಬೇಡವೆಂದಲ್ಲ. ಕಾರ್ ರೇಸಿನ ಆಟ ಅಡ್ಡಕ್ಕೆ ನಿಲ್ಲುವುದು ವಿನ್ಯಾಸದ ತೀರ್ಮಾನ, ತಕರಾರಿಲ್ಲ. ಆದರೆ ಬೀಗವೆಂದರೆ ಬೀಗವೇ ಎಂದು ಭಾವಿಸುವುದೂ ತಪ್ಪು. ಆಂಡ್ರಾಯ್ಡ್ 7.0ರಲ್ಲಿ, 2016ರಲ್ಲಿ, ಪರದೆಯನ್ನು ಎರಡು ಆ್ಯಪ್‌ಗಳಿಗೆ ಹಂಚುವ ಸೌಲಭ್ಯ ಬಂದಾಗಲೇ ಹಂಚಿದ ಪರದೆಯಲ್ಲಿ ಈ ಸಾಲಿಗೆ ಕಿಮ್ಮತ್ತು ಹೋಯಿತು. 2025ರ ಆಂಡ್ರಾಯ್ಡ್ 16 ಇನ್ನೂ ಮುಂದೆ ಹೋಗಿದೆ. ಅದನ್ನೇ ಗುರಿಯಾಗಿಟ್ಟು ಕಟ್ಟಿದ ಆ್ಯಪ್‌ಗಳ ಓರಿಯೆಂಟೇಶನ್ ನಿರ್ಬಂಧವನ್ನು, ಕಿರಿಯ ಅಗಲ 600 ಡಿಪಿ ಅಥವಾ ಹೆಚ್ಚಿರುವ ಪರದೆಗಳಲ್ಲಿ, ಅಂದರೆ ಟ್ಯಾಬ್ಲೆಟ್ ಮತ್ತು ಬಿಚ್ಚಿದ ಮಡಚು ಫೋನುಗಳಲ್ಲಿ, ವ್ಯವಸ್ಥೆ ಕಡೆಗಣಿಸುತ್ತದೆ. ಆಟಗಳಿಗೆ ವಿನಾಯಿತಿ. ಉಳಿದವರಿಗೂ ಸದ್ಯಕ್ಕೆ ತಪ್ಪಿಸಿಕೊಳ್ಳುವ ದಾರಿಯೊಂದಿದೆ, ಅದು ತಾತ್ಕಾಲಿಕ ಎಂದು ಗೂಗಲ್ ಮೊದಲೇ ಹೇಳಿದೆ.

ಐಫೋನಿನಲ್ಲಿ ತಿರುಗಿದಾಗ ಏನೂ ನಾಶವಾಗುವುದಿಲ್ಲ, ಇದ್ದ ಪರದೆಯೇ ಹೊಸ ಅಳತೆಗೆ ಹಿಗ್ಗಿ ಕುಗ್ಗುತ್ತದೆ. ಅಲ್ಲಿನ ಮೂಢನಂಬಿಕೆ ಬೇರೆ: ಸಾಧನದ ‘ಓರಿಯೆಂಟೇಶನ್’ ಗುಣಕ್ಕೆ ಹಿಂಬಾಗಿಲಿನಿಂದ ಬೇಕಾದ ಬೆಲೆ ತುಂಬಿ ಪರದೆಯನ್ನು ತಿರುಗಿಸುವುದು. ಆ ಗುಣ ಓದಲಿಕ್ಕೆ ಮಾತ್ರ ಇರುವುದು. ವರ್ಷಗಟ್ಟಲೆ ನಡೆದ ಈ ಕೈಚಳಕ 2022ರ ಐಓಎಸ್ 16ರಲ್ಲಿ ಕೈಕೊಟ್ಟಿತು, ಜೊತೆಗೇ ಅಧಿಕೃತ ದಾರಿಯೂ ತೆರೆಯಿತು.

ತಿರುಗುವಿಕೆಯ ಬಗೆಗಿನ ಉಳಿದ ತಪ್ಪು ಕಲ್ಪನೆಗಳಿಗೆ ಒಂದೊಂದು ಮಾತು ಸಾಕು. ಪರದೆ ತಿರುಗಬೇಕೆಂದು ನಿರ್ಧಾರವಾಗುವುದು ಮುಖ್ಯವಾಗಿ ಆಕ್ಸಿಲೆರೋಮೀಟರ್ ಅಳೆಯುವ ಗುರುತ್ವದ ದಿಕ್ಕಿನಿಂದ, ಜೈರೋಸ್ಕೋಪಿಲ್ಲದ ಫೋನೂ ಧಾರಾಳವಾಗಿ ತಿರುಗುತ್ತದೆ. ಮೇಜಿನ ಮೇಲೆ ಅಂಗಾತ ಇಟ್ಟ ಫೋನ್ ತಿರುಗದಿರುವುದು ಕೆಟ್ಟಿದ್ದರಿಂದಲ್ಲ, ಗುರುತ್ವ ನೇರ ಪರದೆಯ ಬೆನ್ನಿಗೆ ಎಳೆಯುವಾಗ ಮೇಲು ಯಾವುದು ಎಂದು ಅದಕ್ಕೆ ತಿಳಿಯದು. ಮಗ್ಗುಲಾಗಿ ಮಲಗಿ ಓದುವಾಗ ಪರದೆ ಹೊರಳುವುದೂ ಅದೇ ಕಾರಣಕ್ಕೆ. ಓದುವವರ ತಲೆ ಎತ್ತ ಇದೆ ಎಂಬುದು ಗುರುತ್ವಕ್ಕೆ ಸಂಬಂಧಿಸಿದ್ದಲ್ಲ. ಆಟೋ ರೊಟೇಟ್ ಆಫ್ ಮಾಡಿದ ಮಾತ್ರಕ್ಕೆ ಎಲ್ಲ ಆ್ಯಪ್‌ಗಳೂ ಸುಮ್ಮನಿರುವುದಿಲ್ಲ: ‘ಸೆನ್ಸರ್’ ಎಂದು ಕೇಳಿಕೊಂಡ ಆ್ಯಪ್ ಬಳಕೆದಾರನ ಆಯ್ಕೆಯನ್ನು ಲೆಕ್ಕಕ್ಕಿಡುವುದಿಲ್ಲ, ‘ಯೂಸರ್’ ಎಂದು ಕೇಳಿಕೊಂಡದ್ದು ಇಡುತ್ತದೆ. ವೆಬ್ ಪುಟದ ಸಿಎಸ್‌ಎಸ್‌ನಲ್ಲಿ ‘ಲ್ಯಾಂಡ್‌ಸ್ಕೇಪ್’ ಎಂದರೆ ಫೋನ್ ಅಡ್ಡವಾಗಿದೆ ಎಂದಲ್ಲ, ಪುಟ ಕಾಣುವ ಜಾಗದ ಅಗಲ ಎತ್ತರಕ್ಕಿಂತ ಹೆಚ್ಚು ಎಂದಷ್ಟೇ. ಕೀಬೋರ್ಡ್ ಮೇಲೆದ್ದು ಆ ಜಾಗವನ್ನು ಕುಗ್ಗಿಸಿದರೆ ನೆಟ್ಟಗೆ ಹಿಡಿದ ಫೋನೂ ಲ್ಯಾಂಡ್‌ಸ್ಕೇಪ್ ಆಗಿಬಿಡಬಹುದು.