ಮನೆಯಂಗಳಕ್ಕೆ ಗಿಡ್ಡ ಕೇಪಳ

ಎಲ್ಲೂರಿನ ಕಡೆಯ ಗುಡ್ಡೆಗಳಲ್ಲಿ ತಾನಾಗಿ ಬೆಳೆಯುವ ಕೇಪಳ ಯಾರಿಗೆ ಗೊತ್ತಿಲ್ಲ? ಶಾಲೆಗೆ ಹೋಗುವಾಗ ಅದರ ಹಣ್ಣು ತಿನ್ನದವರು ಕಡಿಮೆ. ಇದೇ ಕುಲದ ಗಿಡ್ಡ ತಳಿ ನರ್ಸರಿಗಳಲ್ಲಿ ಸಿಗುತ್ತದೆ. ಎರಡು ಮೂರು ಅಡಿ ಮಾತ್ರ ಬೆಳೆಯುವುದರಿಂದ ಕಿಟಕಿಯ ಬೆಳಕಿಗೆ ಅಡ್ಡಿಯಿಲ್ಲ.

ಹಣ ಕೊಟ್ಟು ತಂದ ಗಿಡದ ಎಲೆ ಹಳದಿಯಾದರೆ ನರ್ಸರಿಯವರನ್ನು ಬೈಯಬೇಡಿ. ಕೇಪಳಕ್ಕೆ ನಮ್ಮ ಮುರಕಲ್ಲಿನ ಹುಳಿ ಮಣ್ಣೇ ಹಿತ. ಹೊಸ ಮನೆಯ ಗೋಡೆಯ ಬುಡದಲ್ಲಿ ಬಿದ್ದ ಸಿಮೆಂಟು, ಸುಣ್ಣ ಆ ಹುಳಿಯನ್ನು ಕಳೆಯುತ್ತವೆ. ಆಗ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಬೇರಿಗೆ ದಕ್ಕುವುದಿಲ್ಲ. ಒಲೆಯ ಬೂದಿಯೂ ಹಾಗೆಯೇ. ಅದನ್ನು ತೆಂಗಿನ ಬುಡಕ್ಕೆ ಹಾಕಿ, ಇದಕ್ಕೆ ಬೇಡ.

ಗೋಡೆಯಿಂದ ಎರಡು ಮೂರಡಿ ದೂರ, ಬಿಸಿಲಿರುವ, ಮಾಡಿನ ನೀರು ಬೀಳದ ಜಾಗದಲ್ಲಿ ಗುಂಡಿ ತೋಡಿ, ಗುಡ್ಡೆಯ ಕೆಂಪು ಮಣ್ಣು, ಹಟ್ಟಿಗೊಬ್ಬರ ತುಂಬಿ ನೆಡಿ. ಹೂವು ಬರುವುದು ಚಿಗುರಿನ ತುದಿಯಲ್ಲಿ. ಹಾಗಾಗಿ ಹೂ ಬಾಡಿದ ಮೇಲಷ್ಟೇ ಕತ್ತರಿ ಹಾಕಿ.