ಹೊದಿಕೆಯ ಮೇಲಿನ ಒಂದು ಸಣ್ಣ ಸಾಲು

ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್ ಅಥವಾ ‘ಡಯಟ್’ ತಂಪು ಪಾನೀಯದ ಹೊದಿಕೆಯನ್ನು ಎಂದಾದರೂ ಓದಿದ್ದೀರಾ? ಪದಾರ್ಥಗಳ ಪಟ್ಟಿಯಲ್ಲಿ ಆಸ್ಪರ್ಟೇಮ್ ಎಂಬ ಹೆಸರೋ 951 ಎಂಬ ಸಂಖ್ಯೆಯೋ ಇದ್ದರೆ, ಅಲ್ಲೇ ಎಲ್ಲೋ ‘ನಾಟ್ ಫಾರ್ ಫಿನೈಲ್‌ಕೀಟೋನ್ಯೂರಿಕ್ಸ್’ ಎಂಬ ಸಾಲೂ ಇರಬೇಕು. ಫಿನೈಲ್‌ಕೀಟೋನೂರಿಯ ಎಂಬ ಕಾಯಿಲೆ ಇರುವವರು ಇದನ್ನು ಸೇವಿಸಬಾರದು ಎಂದು ಅದರ ಅರ್ಥ. ನಾಲಿಗೆ ಹೊರಳದ ಈ ಮಾತನ್ನು ಅಚ್ಚು ಹಾಕಲೇಬೇಕೆಂದು ನಮ್ಮ ದೇಶದ ಆಹಾರ ನಿಯಮ ಹೇಳುತ್ತದೆ. ಏಕೆ?

ಆಸ್ಪರ್ಟೇಮ್ ಸಕ್ಕರೆಗಿಂತ ಸುಮಾರು 200 ಪಟ್ಟು ಸಿಹಿ. 1965ರಲ್ಲಿ ಅಮೆರಿಕದ ಜೇಮ್ಸ್ ಶ್ಲಾಟರ್ ಎಂಬ ರಸಾಯನ ವಿಜ್ಞಾನಿ ಜಠರದ ಹುಣ್ಣಿಗೆ ಔಷಧಿ ಹುಡುಕುತ್ತಿದ್ದಾಗ ಬೆರಳು ನೆಕ್ಕಿ ಈ ಸಿಹಿಯನ್ನು ಕಂಡುಕೊಂಡರು. (ನೀವು ಮಾತ್ರ ಪ್ರಯೋಗಶಾಲೆಯಲ್ಲಿ ಹಾಗೆ ಮಾಡಬೇಡಿ!) ಇದು ಸಕ್ಕರೆಯ ಜಾತಿಯದಲ್ಲ. ಪ್ರೋಟೀನುಗಳಲ್ಲಿರುವ ಎರಡು ಅಮೈನೋ ಆಮ್ಲಗಳಿಂದ ಆದದ್ದು. ಅವುಗಳಲ್ಲಿ ಒಂದು ಫಿನೈಲಲನಿನ್.

ಹಾಲು, ಬೇಳೆ, ಮೊಟ್ಟೆಗಳಲ್ಲೂ ಫಿನೈಲಲನಿನ್ ಇದೆ. ದೇಹಕ್ಕೆ ಅದು ಬೇಕು. ಹೆಚ್ಚಾದದ್ದನ್ನು ಒಂದು ಕಿಣ್ವವು ಬೇರೆ ವಸ್ತುವಾಗಿ ಮಾರ್ಪಡಿಸುತ್ತದೆ. ಅಪರೂಪಕ್ಕೆ ಕೆಲವು ಶಿಶುಗಳಲ್ಲಿ ಹುಟ್ಟಿನಿಂದಲೇ ಈ ಕಿಣ್ವ ಸರಿಯಾಗಿ ಕೆಲಸ ಮಾಡುವುದಿಲ್ಲ. ಆಗ ಫಿನೈಲಲನಿನ್ ರಕ್ತದಲ್ಲಿ ಸಂಗ್ರಹವಾಗಿ, ಬೆಳೆಯುತ್ತಿರುವ ಮಿದುಳಿಗೆ ಹಾನಿ ಮಾಡುತ್ತದೆ.

ಇದು ತಿಳಿದದ್ದು ಒಬ್ಬ ತಾಯಿಯ ಹಟದಿಂದ. 1934ರಲ್ಲಿ ನಾರ್ವೆ ದೇಶದ ಆಕೆ, ಬುದ್ಧಿ ಬೆಳೆಯದ ತನ್ನ ಇಬ್ಬರು ಮಕ್ಕಳ ಮೂತ್ರಕ್ಕೆ ವಿಚಿತ್ರ ವಾಸನೆ ಇದೆ ಎಂದು ವೈದ್ಯ ಆಸ್‌ಬ್ಯೋರ್ನ್ ಫೋಲಿಂಗ್ ಅವರಿಗೆ ಹೇಳಿದಳು. ಅವರು ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಬೆರೆಸಿದಾಗ ಅದು ಹಸಿರು ಬಣ್ಣಕ್ಕೆ ತಿರುಗಿತು. ಆ ಹಸಿರಿನ ಕಾರಣ ಹುಡುಕುತ್ತಾ ಹೋದಾಗ ಕಾಯಿಲೆ ಪತ್ತೆಯಾಯಿತು. ಆ ಮಕ್ಕಳಿಗೆ ಆಗ ಚಿಕಿತ್ಸೆ ಇರಲಿಲ್ಲ. ಈಗ ಶಿಶುವಿನ ಹಿಮ್ಮಡಿಯಿಂದ ತೆಗೆದ ಕೆಲವು ಹನಿ ರಕ್ತದಲ್ಲೇ ಇದನ್ನು ಗುರುತಿಸಬಹುದು. ಆರಂಭದಿಂದಲೇ ಆಹಾರವನ್ನು ಅಳೆದು ಕೊಟ್ಟರೆ ಮಗು ಎಲ್ಲರಂತೆ ಬೆಳೆಯುತ್ತದೆ.

ಹಾಗಾದರೆ ಹಾಲಿನ ಪೊಟ್ಟಣದ ಮೇಲೆ ಈ ಎಚ್ಚರಿಕೆ ಏಕಿಲ್ಲ? ಹಾಲಿನಲ್ಲಿ ಪ್ರೋಟೀನು ಇದೆಯೆಂದು ಅಂಥ ಮಗುವಿನ ಮನೆಯವರಿಗೆ ಗೊತ್ತಿರುತ್ತದೆ. ಚ್ಯೂಯಿಂಗ್ ಗಮ್ಮಿನ ಸಿಹಿಯಲ್ಲಿ ಫಿನೈಲಲನಿನ್ ಅಡಗಿದೆಯೆಂದು ಯಾರು ತಾನೇ ಊಹಿಸುತ್ತಾರೆ? ನಿಯಮದ ಪ್ರಕಾರ ಈ ಸಾಲು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಇದ್ದರೆ ಸಾಕು. ಕನ್ನಡದಲ್ಲಿ ಹಾಕುವುದು ತಯಾರಕರಿಗೆ ಬಿಟ್ಟದ್ದು. ಹಾಕಿದ್ದರೆ ಎಷ್ಟು ಚೆನ್ನಾಗಿತ್ತು!

ಸ್ಯಾಕರಿನ್ (954), ಸುಕ್ರಲೋಸ್ (955) ಇವುಗಳಲ್ಲಿ ಫಿನೈಲಲನಿನ್ ಇಲ್ಲ. ಅವನ್ನಷ್ಟೇ ಬಳಸಿದ ತಿನಿಸಿನ ಮೇಲೆ ಸಿಹಿಕಾರಕ ಇದೆಯೆಂಬ ಸೂಚನೆ ಇರಬೇಕು, ಈ ಸಾಲು ಬೇಕಿಲ್ಲ.